‘ಹೊರಟೇಬಿಡೋಣ’ ಎನ್ನುವವರಿಗೆ ಒಂದು ತಕರಾರು



ಈ ಸಲ ಹಳೆಯ ನೆನಪೊಂದನ್ನು ಬರೆಯಬೇಕೆಂದು ಕುಳಿತವಳು ಜಗಳಕ್ಕೇ ನಿಂತುಬಿಟ್ಟಿದ್ದೇನೆ. ಮನುಷ್ಯರ ಮೇಲಿನ ಜಗಳವಲ್ಲ, ಒಂದು ಮಾತಿನ ಮೇಲಿನ ಜಗಳ. ಆ ಮಾತು ‘ಹೊರಟೇಬಿಡೋಣ’. ಓದಿ ಮುಗಿಸುವಷ್ಟರಲ್ಲಿ ನಿಮ್ಮಲ್ಲಿ ಅರ್ಧ ಜನ ನನ್ನ ಮೇಲೆ ಮುನಿಸಿಕೊಳ್ಳುತ್ತೀರೆಂದು ಬಲ್ಲೆ. ಮುನಿಸಿಕೊಂಡರೂ ಚಿಂತೆಯಿಲ್ಲ, ಪೂರ್ತಿ ಓದಿ.

ಈಚೆಗೆ ಶುಕ್ರ, ಶನಿ, ಭಾನು ಎಂದು ಸಾಲಾಗಿ ಮೂರು ದಿನ ರಜೆ ಬಂದಿತ್ತು. ಗುರುವಾರ ರಾತ್ರಿ ಒಂಬತ್ತೂವರೆಗೆ ಬೆಂಗಳೂರಿನಿಂದ ಅಕ್ಕನ ಮಗನ ಫೋನು. “ಚಿಕ್ಕಮ್ಮಾ, ನಾಳೆ ಬೆಳಿಗ್ಗೆ ಹಂಪಿಗೆ ಹೊರಟಿದ್ದೇವೆ. ದುರ್ಗದಲ್ಲಿ ನಿಮ್ಮನ್ನೂ ಹತ್ತಿಸಿಕೊಳ್ಳುತ್ತೇವೆ, ರೆಡಿಯಾಗಿರಿ” ಎಂದ. ಉಳಿದುಕೊಳ್ಳುವುದು ಎಲ್ಲಿ ಎಂದು ಕೇಳಿದೆ. “ಅಲ್ಲಿಗೆ ಹೋಗಿ ನೋಡಿದರಾಯಿತು.” ಏನೇನು ನೋಡುವುದು ಎಂದೆ. “ಲಿಸ್ಟ್ ಇದೆ ಚಿಕ್ಕಮ್ಮಾ. ಒಂದೇ ದಿನದಲ್ಲಿ ಹಂಪಿಯ ಹದಿನೈದು ಜಾಗ. ಮಾರನೆಯ ದಿನ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಭಾನುವಾರ ವಾಪಸ್.” ಬೆಂಗಳೂರಿನಿಂದ ಹಂಪಿಗೆ ಸುಮಾರು 350 ಕಿಲೋಮೀಟರು, ಅಲ್ಲಿಂದ ಬಾದಾಮಿಗೆ ಮತ್ತೆ ನೂರಕ್ಕೂ ಹೆಚ್ಚು ಕಿಲೋಮೀಟರು. ಇಷ್ಟನ್ನೂ ಮೂರು ದಿನಕ್ಕೆ ತುರುಕಿದ ಆ ಪಟ್ಟಿಯನ್ನು ಯಾರು ಬರೆದರೆಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಸಿಕ್ಕಿತಂತೆ.

ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಮಾಜ ಪಾಠ ಹೇಳಿದವಳು. ವಿಜಯನಗರ ಸಾಮ್ರಾಜ್ಯದ ಅಧ್ಯಾಯ ಬಂತೆಂದರೆ ಗಂಟೆ ಹೊಡೆದರೂ ತರಗತಿ ಬಿಡದವಳು. ಹಂಪಿಯ ಹೆಸರು ಕೇಳಿ ಬೇಡವೆನ್ನಲಾದೀತೇ? ಚೀಲದಲ್ಲಿ ಎರಡು ಸೀರೆ, ಮಂಡಿನೋವಿನ ಎಣ್ಣೆ ಇಟ್ಟುಕೊಂಡು ಬೆಳಿಗ್ಗೆ ಎಂಟಕ್ಕೆಲ್ಲ ಬಾಗಿಲಲ್ಲಿ ನಿಂತಿದ್ದೆ.

ಕಾರು ಬಂದಿತು. ಸೊಸೆಯ ಮುಖ ನೋಡಿದೊಡನೆಯೇ ನನಗೆ ಅರ್ಥವಾಯಿತು. ರಾತ್ರಿ ಹತ್ತಕ್ಕೆ ‘ಹೊರಟೇಬಿಡೋಣ’ ಎಂದು ಗಂಡ ನಿಶ್ಚಿಂತೆಯಿಂದ ಮಲಗಿದ್ದಾನೆ. ಇವಳು ಮಗುವಿನ ಬಟ್ಟೆ ಜೋಡಿಸಿ, ಹಾಲಿನವನಿಗೂ ಮನೆಗೆಲಸದವಳಿಗೂ ಹೇಳಿ, ಬೆಳಗಿನ ಮೂರು ಗಂಟೆಗೆದ್ದು ಚಪಾತಿ ಲಟ್ಟಿಸಿ, ಪುಳಿಯೋಗರೆ ಕಲಸಿ ಡಬ್ಬಿ ತುಂಬಿಸಿದ್ದಾಳೆ. ಹಠಾತ್ ಪ್ರವಾಸವೆಂಬುದು ಮನೆಯಲ್ಲಿ ಒಬ್ಬರಿಗೆ ಮಾತ್ರ ಹಠಾತ್ತಾಗಿರುತ್ತದೆ. ಆ ಹಠಾತ್ತನ್ನು ಸಾಧ್ಯವಾಗಿಸಲು ಇನ್ನೊಬ್ಬರು ಇಡೀ ರಾತ್ರಿ ಸಿದ್ಧತೆ ನಡೆಸಿರುತ್ತಾರೆ. ಗಂಡಸರೇ, ಇದನ್ನು ಒಮ್ಮೆ ಯೋಚಿಸಿ.

ಹಂಪಿ ಮುಟ್ಟುವಾಗ ಮಧ್ಯಾಹ್ನ ಹನ್ನೆರಡು. ಬಿಸಿಲು ನೆತ್ತಿಯ ಮೇಲೆ. ಅಲ್ಲಿನ ಬಂಡೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ... ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು, ಎರಡೂ ಸುಡುತ್ತವೆ. ನಮ್ಮಂತೆಯೇ ‘ಹೊರಟೇಬಿಡೋಣ’ ಎಂದವರು ಸಾವಿರಾರು ಮಂದಿ ಅಲ್ಲಿದ್ದರು. ಎಲ್ಲರ ಮೊಬೈಲಿನಲ್ಲೂ ಹೆಚ್ಚುಕಡಿಮೆ ಅದೇ ಪಟ್ಟಿ, ಎಲ್ಲರದೂ ಅದೇ ಕ್ರಮ. ವಿಟ್ಠಲ ದೇವಾಲಯಕ್ಕೆ ಹೋಗುವ ಬ್ಯಾಟರಿ ಗಾಡಿಗೆ ಉದ್ದನೆಯ ಸಾಲು. ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಳ್ಳಲು ಇನ್ನೊಂದು ಸಾಲು. ಅಷ್ಟು ಹೊತ್ತು ಕಾದವರಲ್ಲಿ ರಥವನ್ನು ಸುತ್ತಿ ನೋಡಿದವರು ಎಷ್ಟು ಜನ ಎಂದು ನಾನು ಒಂದು ಕಡೆ ನೆರಳಲ್ಲಿ ಕುಳಿತು ಗಮನಿಸಿದೆ. ತುಂಬ ಕಡಿಮೆ. ಐವತ್ತು ರೂಪಾಯಿಯ ನೋಟಿನ ಮೇಲೆ ಇದೇ ರಥವಿದೆ ಎಂದು ಮಗುವಿಗೆ ತೋರಿಸಿದೆ. ನೋಟನ್ನೂ ರಥವನ್ನೂ ಮೂರು ನಾಲ್ಕು ಸಲ ಹೋಲಿಸಿ ನೋಡಿ ಅವಳು ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಅವಳಪ್ಪ, “ಟೈಮಾಯಿತು, ಇನ್ನೂ ಹನ್ನೆರಡು ಬಾಕಿ” ಎಂದ.

ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಬೀಗ ಹಾಕಿತ್ತು. ಶುಕ್ರವಾರ ಅದಕ್ಕೆ ರಜೆ. ಪಟ್ಟಿ ಬರೆದ ಪುಣ್ಯಾತ್ಮ ಅದನ್ನು ಬರೆದಿರಲಿಲ್ಲ. ತಿಳಿದವರನ್ನು ಹಿಂದಿನ ದಿನ ಒಂದು ಮಾತು ಕೇಳಿದ್ದರೆ ಸಾಕಿತ್ತು. ತಿಳಿದವಳು ನಾನೇ ಇದ್ದೆ. ನನ್ನನ್ನೂ ಕೇಳಲಿಲ್ಲ, ನಾನೂ ಬೀಗ ಕಾಣುವವರೆಗೆ ಯಾವ ವಾರವೆಂದು ನೆನೆಯಲಿಲ್ಲ.

ಆದರೆ ನನ್ನನ್ನು ಜಗಳಕ್ಕೆ ನಿಲ್ಲಿಸಿದ್ದು ಬೀಗವಲ್ಲ, ಹಜಾರರಾಮ ದೇವಾಲಯದಲ್ಲಿ ನಡೆದ ಘಟನೆ. ಅಲ್ಲಿನ ಗೋಡೆಗಳ ಮೇಲೆ ರಾಮಾಯಣದ ಕತೆಯನ್ನು ಸಾಲುಸಾಲಾಗಿ ಕೆತ್ತಿರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಒಂಬತ್ತು ವರ್ಷದ ಆ ಮಗು ಮೊದಮೊದಲು ಸುಮ್ಮನೆ ನಿಂತಿತ್ತು. ಜಿಂಕೆಯನ್ನು ಗುರುತಿಸಿದ್ದೇ ತಡ, “ಅಜ್ಜೀ, ಇದು ಮಾರೀಚ!” ಎಂದು ಕೂಗಿತು. ಆಮೇಲೆ ಅದನ್ನು ಹಿಡಿಯುವವರಿಲ್ಲ. ಬೆರಳು ತೋರಿಸುತ್ತ ಒಂದೊಂದೇ ಕೆತ್ತನೆಯನ್ನು ದಾಟುತ್ತ ಹೊರಟಿತು. ಮುಂದೇನಾಯಿತೆಂದು ನಾನು ಕೇಳುವುದು, ಅವಳು ಕಲ್ಲಿನಲ್ಲಿ ಹುಡುಕುವುದು. ಮೂವತ್ತು ವರ್ಷ ಪಾಠ ಮಾಡಿ ನಾನು ಮಕ್ಕಳಲ್ಲಿ ಕಾಣಬೇಕೆಂದು ಹಂಬಲಿಸಿದ್ದು ಇದನ್ನೇ. ಆಗ ಹಿಂದಿನಿಂದ ಕರೆ ಬಂತು. “ಬನ್ನಿ ಬನ್ನಿ, ಕಮಲ ಮಹಲ್ ಬಾಗಿಲು ಹಾಕಿಬಿಡುತ್ತಾರೆ.” ಮಗು ಅಳುಮುಖ ಮಾಡಿಕೊಂಡು, “ಅಪ್ಪಾ, ಸೀತೆ ಸಿಕ್ಕಿದಳೋ ಇಲ್ಲವೋ ನೋಡಿ ಬರ್ತೀನಿ” ಎಂದಿತು. “ಸಿಕ್ಕಿದಳು, ನನಗೆ ಗೊತ್ತು, ಬಾ” ಎಂದು ಅವನು ಅವಳ ಕೈ ಹಿಡಿದು ನಡೆದುಬಿಟ್ಟ.

ಆ ಉತ್ತರ ಕೇಳಿ ನಾನು ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬರದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು ಎನ್ನಿ. ಹೊಸಪೇಟೆಯಲ್ಲಿ ಒಂದೇ ಒಂದು ಕೋಣೆಯೂ ಸಿಗಲಿಲ್ಲ. ಹತ್ತು ಗಂಟೆಯವರೆಗೆ ಅಲೆದು, ಕೊನೆಗೆ ಬಾದಾಮಿಯ ಆಸೆ ಬಿಟ್ಟು, ದುರ್ಗದ ನನ್ನ ಮನೆಗೇ ವಾಪಸು ಹೊರಟೆವು. ಬೆಳಗಿನ ಜಾವದಿಂದ ಕಾರು ಓಡಿಸಿದವನ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು. ಸೊಸೆ, ಮಗು ಹಿಂದೆ ನಿದ್ದೆಹೋಗಿದ್ದರು. ನಾನು ಮುಂದೆ ಕುಳಿತು ಅವನಿಂದ ಮಗ್ಗಿ ಹೇಳಿಸಿದೆ. ಹದಿನೇಳರ ಮಗ್ಗಿಯಲ್ಲಿ ಏಳಕ್ಕೆ ಬಂದು ನಿಂತುಬಿಟ್ಟ. ನಗಬೇಡಿ, ಹೆದ್ದಾರಿಯ ಲಾರಿಗಳ ನಡುವೆ ಆ ರಾತ್ರಿ ನಾನು ನೆನೆಯದ ದೇವರಿಲ್ಲ.

ಮರುದಿನ ಕಾಫಿ ಕುಡಿಯುತ್ತ ನನ್ನ ತಕರಾರನ್ನು ಹೇಳಿಯೇಬಿಟ್ಟೆ. ಅವನ ಉತ್ತರ ಇದು: “ಚಿಕ್ಕಮ್ಮಾ, ಪ್ಲಾನ್ ಮಾಡಿದ ಟ್ರಿಪ್ ಯಾವತ್ತೂ ಆಗುವುದಿಲ್ಲ. ಹಠಾತ್ತಾಗಿ ಹೊರಟಿದ್ದೇ ಆಗುವುದು. ನಮ್ಮ ರಜೆ ನಮ್ಮ ಕೈಯಲ್ಲಿಲ್ಲ, ನಿಮಗೆ ಬೇಸಿಗೆ ರಜೆ, ದಸರಾ ರಜೆ ಅಂತ ಇರುತ್ತಿತ್ತು.” ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪಲೇಬೇಕು. ವಾರವೆಲ್ಲ ಗಣಕಯಂತ್ರದ ಮುಂದೆ ಬೆನ್ನು ಬಗ್ಗಿಸಿದವನಿಗೆ ಮೂರು ದಿನ ಬಿಡುವು ಸಿಕ್ಕರೆ ಎದ್ದು ಓಡಬೇಕೆನ್ನಿಸುವುದು ಸಹಜ. ನಾವೂ ಹಠಾತ್ತಾಗಿ ಹೊರಟವರೇ. ಮದುವೆಯಾದ ಹೊಸತರಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರಿಗೆ ಏನು ತೋಚುತ್ತಿತ್ತೋ, ಒಂದು ಪೊಟ್ಟಣ ಮಂಡಕ್ಕಿ ಕಟ್ಟಿಸಿಕೊಂಡು ಚಂದ್ರವಳ್ಳಿಗೆ ಹೊರಟುಬಿಡುತ್ತಿದ್ದೆವು. ಕೆರೆಯ ದಂಡೆ, ಬಂಡೆಗಳ ನಡುವಿನ ಗುಹೆ, ಕದಂಬರ ಮಯೂರನ ಶಾಸನ... 1947ರಲ್ಲಿ ವೀಲರ್ ಸಾಹೇಬರು ಉತ್ಖನನ ನಡೆಸಿದ ನೆಲ ಅದು. ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ.

ಹಾಗಾದರೆ ವ್ಯತ್ಯಾಸವೇನು? ಚಂದ್ರವಳ್ಳಿಗೆ ನಾವು ಹಠಾತ್ತಾಗಿ ಹೋದರೂ ಅಲ್ಲಿ ನಮಗೆ ಆತುರವಿರಲಿಲ್ಲ. ಅರ್ಧ ನೋಡಿದರೆ ಉಳಿದರ್ಧ ಮುಂದಿನ ಭಾನುವಾರಕ್ಕೆ. ನೀರಿನ ಆಳ ತಿಳಿದಿತ್ತು, ಕತ್ತಲಾಗುವ ಹೊತ್ತು ತಿಳಿದಿತ್ತು, ತಿಳಿಯದಿದ್ದರೆ ಕೇಳಲು ಕುರಿ ಮೇಯಿಸುವ ತಾತನಿದ್ದ. ಇಂದಿನ ಹಠಾತ್ ಪ್ರವಾಸಿ ಹೊರಡುವುದು ತನಗೆ ಗೊತ್ತಿಲ್ಲದ ದೂರದ ಊರಿಗೆ. ಯಾರನ್ನೂ ಏನನ್ನೂ ಕೇಳಲು ಅವನಿಗೆ ವ್ಯವಧಾನವಿಲ್ಲ. ಕೇಳುವ ಜಾಗದಲ್ಲಿ ಪಟ್ಟಿ ಬಂದು ಕುಳಿತಿದೆ. ನನ್ನ ತಕರಾರು ಇರುವುದು ಇಲ್ಲಿ.

ಕೇಳದೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಪ್ರಸಂಗವಿದೆ. ಇದುವರೆಗೆ ಯಾರಿಗೂ ಹೇಳಿಲ್ಲ. ಇಂದು ಹೇಳದಿದ್ದರೆ ಇನ್ನೊಬ್ಬರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲವೆಂದು ಹೇಳುತ್ತಿದ್ದೇನೆ.

1996ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯವರನ್ನು ಹಂಪಿಗೆ ಶಾಲಾ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಆ ತಂಡದ ಕೆಲವರಾದರೂ ಇದನ್ನು ಓದುತ್ತಿರುತ್ತೀರಿ. ವಿಟ್ಠಲ ದೇವಾಲಯ ನೋಡಿಕೊಂಡು ಹೊಳೆಯ ಬದಿಯ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದೆವು. ಬಯಲುಸೀಮೆಯ ನಮ್ಮ ಮಕ್ಕಳಿಗೆ ಹರಿಯುವ ನದಿಯನ್ನು ಅಷ್ಟು ಹತ್ತಿರದಿಂದ ಕಾಣುವುದೇ ಒಂದು ಹಬ್ಬ. “ಟೀಚರ್, ಹತ್ತೇ ನಿಮಿಷ, ಕಾಲು ತೊಳೆದುಕೊಂಡು ಬರ್ತೀವಿ” ಎಂದು ದುಂಬಾಲು ಬಿದ್ದರು. ಕಾರ್ಯಕ್ರಮದಲ್ಲಿ ಅದು ಇರಲಿಲ್ಲ. ಮುಖ್ಯೋಪಾಧ್ಯಾಯರ ಕಟ್ಟುನಿಟ್ಟಾದ ಸೂಚನೆಯಿತ್ತು. ತುಂಗಭದ್ರೆ ಕನ್ನಡಿಯ ಹಾಗೆ ಶಾಂತವಾಗಿ ಕಂಡಳು. ಮಕ್ಕಳ ಮುಖ ನೋಡಿ ನನಗೂ ಉತ್ಸಾಹ ಬಂತು. “ಹೋಗಿ, ಹತ್ತೇ ನಿಮಿಷ” ಎಂದೆ.

ಮೂರನೆಯ ನಿಮಿಷಕ್ಕೆ ಒಬ್ಬ ಹುಡುಗ ಪಾಚಿಗಟ್ಟಿದ ಕಲ್ಲಿನಿಂದ ಜಾರಿದ. ಮೊಣಕಾಲುದ್ದ ನೀರೆಂದು ತೋರುತ್ತಿದ್ದಲ್ಲಿ ಅವನ ತಲೆ ಕಾಣಲಿಲ್ಲ. ಎರಡು ಬಂಡೆಗಳ ಆಚೆ ಒಮ್ಮೆ ಮೇಲೆದ್ದು ಮತ್ತೆ ಮುಳುಗಿದ. ನನಗೆ ಈಜು ಬರುತ್ತಿರಲಿಲ್ಲ. ಕೂಗಿದೆನೋ ಇಲ್ಲವೋ ಅದೂ ನೆನಪಿಲ್ಲ. ಹರಿಗೋಲು ನಡೆಸುವವನೊಬ್ಬ ದೂರದಿಂದ ಕಂಡು ಹುಟ್ಟು ಹಾಕುತ್ತ ಬಂದು, ಅದೇ ಹುಟ್ಟನ್ನು ಚಾಚಿ ಹುಡುಗನನ್ನು ಎಳೆದುಕೊಂಡ. ದಡಕ್ಕೆ ತಂದು ಮಲಗಿಸಿ ಬೆನ್ನು ತಟ್ಟಿ ನೀರು ಕಕ್ಕಿಸಿದ. ಹುಡುಗ ಕಣ್ಣು ಬಿಟ್ಟು ಮೊದಲು ಹೇಳಿದ ಮಾತು, “ಟೀಚರ್, ಚಪ್ಪಲಿ ಹೋಯ್ತು.”

ನಾನು ನಡುಗುವ ಕೈಯಿಂದ ಪರ್ಸು ತೆಗೆದೆ. ಅವನು ಹಣ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ ಹೇಳಿದ: “ಅಕ್ಕೋರೆ, ಇದು ನಿಮ್ಮೂರ ಕೆರೆ ಅಲ್ಲ. ನೀರು ಮ್ಯಾಲೆ ಸುಮ್ನಿರ್ತೈತಿ, ಕೆಳಗ ಎಳೀತೈತಿ. ಯಾರನ್ನಾರ ಕೇಳಿ ಇಳೀಬೇಕಿತ್ತು.”

ಊರಿಗೆ ಬಂದು ವರದಿ ಬರೆದೆ. ‘ಪ್ರವಾಸವು ಸುಖಕರವಾಗಿ ನೆರವೇರಿತು’ ಎಂದು ಬರೆದೆ. ಹುಡುಗನ ತಾಯಿ ಮಾರನೆಯ ವಾರ ಶಾಲೆಗೆ ಬಂದು, “ಟೀಚರ್, ನನ್ನ ಮಗ ಹಂಪಿ ನೋಡಿ ಬಂದ, ನಿಮ್ಮಿಂದಾಗಿ” ಎಂದು ಕೈಮುಗಿದರು. ನಾನೂ ಕೈಮುಗಿದೆ, ನಡೆದದ್ದನ್ನು ಹೇಳಲಿಲ್ಲ. ಆ ತಾಯಿ ಈಗಿಲ್ಲ. ಮಗನಿಗೆ ಇಬ್ಬರು ಮಕ್ಕಳಿದ್ದಾರೆ. ಅಪ್ಪಾ, ನೀನು ಇದನ್ನು ಓದುತ್ತೀಯೆಂದು ಬಲ್ಲೆ. ಅಂದು ನಿನ್ನನ್ನು ಹೊಳೆಗಿಳಿಸಿದ್ದು ನಿನ್ನ ತುಂಟತನವಲ್ಲ, ನನ್ನ ‘ಹೋಗಿಬಿಡಿ’ ಎಂಬ ಮಾತು. ಕ್ಷಮೆ ಕೇಳಲು ಇಷ್ಟು ವರ್ಷ ಬೇಕಾಯಿತು.

ಆ ಹರಿಗೋಲಿನವನ ಮಾತನ್ನೇ ನಾನು ಇಂದು ನಿಮಗೆ ಹೇಳುತ್ತಿರುವುದು. ಕೇಳಿ ಇಳಿಯಬೇಕು. ನೀರಿಗೆ ಮಾತ್ರವಲ್ಲ, ಊರಿಗೂ, ಬೆಟ್ಟಕ್ಕೂ, ಗುಡಿಗೂ.

ಕೇಳದೆ ಹೋದವರ ಕತೆಗಳು ಪತ್ರಿಕೆಗಳಲ್ಲೇ ಬಂದಿವೆ. 2019ರ ಫೆಬ್ರವರಿಯಲ್ಲಿ ಹಂಪಿಯ ಒಂದು ದೇವಾಲಯದ ಬಳಿ ಯುವಕರು ಕಂಬವನ್ನು ತಳ್ಳಿ ಬೀಳಿಸಿದ ದೃಶ್ಯ ಎಲ್ಲೆಡೆ ಹರಿದಾಡಿದ್ದು ನೆನಪಿರಬಹುದು. ಕೊನೆಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು, ಬಿದ್ದ ಕಂಬವನ್ನು ಅವರಿಂದಲೇ ನಿಲ್ಲಿಸಲಾಯಿತು. ಶತಮಾನಗಳ ಕಾಲ ನಿಂತ ಕಲ್ಲನ್ನು ಒಂದು ಮೋಜಿನ ಚಿತ್ರಕ್ಕಾಗಿ ಕೆಡವುವವರು ದುಷ್ಟರೇ ಆಗಿರಬೇಕೆಂದಿಲ್ಲ. ಆ ಕಲ್ಲು ಯಾವುದು, ಅದನ್ನು ನಿಲ್ಲಿಸಿದವರಾರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನಾವು ಮೇಷ್ಟ್ರುಗಳು ಇದರಲ್ಲಿ ಪೂರ್ತಿ ನಿರಪರಾಧಿಗಳೆಂದು ನಾನು ಹೇಳಲಾರೆ. ವಿಟ್ಠಲ ದೇವಾಲಯದ ಸಂಗೀತ ಸ್ತಂಭಗಳನ್ನು ತಟ್ಟಬಾರದೆಂದು ನಿಷೇಧಿಸಿರುವುದೂ ತಟ್ಟಿ ತಟ್ಟಿ ಅವುಗಳಿಗೆ ಆದ ಹಾನಿಯಿಂದಲೇ.

ಬೆಟ್ಟಗಳ ಕತೆ ಇದಕ್ಕಿಂತ ಭಿನ್ನವಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಸೇರಿದ ಜನಸಂದಣಿಯ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಒಂದೇ ರಜೆಗೆ, ಒಂದೇ ಚಿತ್ರ ನೋಡಿ, ಎಲ್ಲರಿಗೂ ಒಂದೇ ಬಾರಿಗೆ ‘ಹೊರಟೇಬಿಡೋಣ’ ಎನ್ನಿಸಿತ್ತು. ಅನಂತರ ಅರಣ್ಯ ಇಲಾಖೆ ಚಾರಣವನ್ನು ತಡೆದು, ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಆಗ ಕೆಲವರು ಸ್ವಾತಂತ್ರ್ಯ ಹೋಯಿತೆಂದು ಗೋಳಾಡಿದರು. ಸಾವಿರ ಜನ ಒಂದೇ ಗಳಿಗೆಯಲ್ಲಿ ಒಂದೇ ಕಡೆಗೆ ನುಗ್ಗುವುದನ್ನು ಸ್ವಾತಂತ್ರ್ಯವೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಕುರಿಹಿಂಡು ಎನ್ನಲೂ ಮನಸ್ಸಿಲ್ಲ, ಏಕೆಂದರೆ ಕುರಿಗಳ ಹಿಂದೆ ದಾರಿ ಬಲ್ಲ ಕುರುಬನೊಬ್ಬನಿರುತ್ತಾನೆ!

ಇನ್ನು ಆ ಪಟ್ಟಿಯ ವಿಚಾರ. ‘ಒಂದು ದಿನದಲ್ಲಿ ಹದಿನೈದು’ ಎಂಬುದರ ಲೆಕ್ಕ ಮಾಡೋಣ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹತ್ತು ಗಂಟೆ, ಅಂದರೆ ಆರುನೂರು ನಿಮಿಷ. ಊಟ, ನೀರು, ವಾಹನ, ಸಾಲು ಇವಕ್ಕೆ ಅರ್ಧ ಕಳೆಯಿರಿ. ಉಳಿದ ಮುನ್ನೂರನ್ನು ಹದಿನೈದರಿಂದ ಭಾಗಿಸಿದರೆ ಸ್ಥಳಕ್ಕೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ನೀವು ಒಂದು ಸೀರೆಯನ್ನೂ ಆರಿಸಲಾರಿರಿ, ಒಂದು ಸಾಮ್ರಾಜ್ಯವನ್ನು ನೋಡಿ ಮುಗಿಸುತ್ತೀರೇನು?

ಬಾದಾಮಿಯದೂ ಇದೇ ಪಾಡು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನು ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಐಹೊಳೆಯ ಮೇಗುತಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ತನ್ನ ಗಂಡ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ಕಟ್ಟಿಸಿದವಳು ಲೋಕಮಹಾದೇವಿ ಎಂಬ ರಾಣಿ. ನೂರೈವತ್ತಕ್ಕೂ ಮಿಕ್ಕ ವರ್ಷಗಳ ದುಡಿಮೆಯನ್ನು ಪಟ್ಟಿಗಾರರು ಒಂದು ಮಧ್ಯಾಹ್ನಕ್ಕೆ ಹಚ್ಚಿದ್ದಾರೆ. ನಮಗೆ ಕೋಣೆ ಸಿಗದೆ ಬಾದಾಮಿ ತಪ್ಪಿದ್ದು ಒಂದು ರೀತಿಯಲ್ಲಿ ಬಾದಾಮಿಯ ಅದೃಷ್ಟ.

ಸ್ವಲ್ಪ ಇತಿಹಾಸ ಹೇಳುತ್ತೇನೆ, ಆಕಳಿಸಬೇಡಿ. 1565ರ ಯುದ್ಧದ ಅನಂತರ ಹಾಳಾದ ಆ ಪಟ್ಟಣ ಹೇಗಿತ್ತೆಂದು ನಮಗೆ ತಿಳಿದದ್ದು ಹೇಗೆ? ಶಾಸನಗಳಿಂದ, ಅವಶೇಷಗಳಿಂದ, ಮತ್ತು ಪ್ರವಾಸಿಗಳಿಂದ. ಪರ್ಷಿಯಾದ ಅಬ್ದುಲ್ ರಜಾಕ್ 1443ರಲ್ಲಿ ಬಂದು ತಿಂಗಳುಗಟ್ಟಲೆ ಉಳಿದ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯಸ್ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟ. ಕುದುರೆ ವ್ಯಾಪಾರಿ ನೂನಿಜ್ ಅಚ್ಯುತರಾಯನ ಕಾಲದಲ್ಲಿ ಅಲ್ಲಿ ನೆಲೆಸಿದ್ದವನು. ಇವರು ಬೀದಿಯಲ್ಲಿ ನಿಂತರು, ಅಂಗಡಿಯಲ್ಲಿ ಏನೇನು ಮಾರುತ್ತಾರೆಂದು ಕೇಳಿದರು, ಕೇಳಿದ್ದನ್ನು ಬರೆದರು. ಅವರು ಪರದೇಶಿಗಳು, ಭಾಷೆ ಬಾರದವರು. ಭಾಷೆ ಬಲ್ಲ ನಾವು ಅದೇ ನೆಲದ ಮೇಲೆ ನಿಂತು ಯಾರೊಬ್ಬರನ್ನೂ ಒಂದು ಮಾತು ಕೇಳದೆ ಮೊಬೈಲನ್ನು ಮುಖದ ಮುಂದೆ ಹಿಡಿದು ಹಿಂತಿರುಗುತ್ತೇವೆ. ‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಎರಡನ್ನೂ ಒಟ್ಟಿಗೆ ಹೇಳಿದ್ದು ಸುಮ್ಮನೆ ಅಲ್ಲ.

ಬೈದು ಬಿಟ್ಟುಬಿಟ್ಟರೆ ಅದು ಮೇಷ್ಟ್ರ ಧರ್ಮವಲ್ಲ. ನಾನೂ ಒಂದು ಪಟ್ಟಿ ಕೊಡುತ್ತೇನೆ. ಹಂಪಿಗೆ ಹೋಗುವವರಿಗೆ, ಹಠಾತ್ತಾಗಿ ಹೋಗುವವರಿಗೂ:

1. ಹೊರಡುವ ಮೊದಲು ಕೋಣೆ ಗೊತ್ತುಮಾಡಿಕೊಳ್ಳಿ. ಸಾಲು ರಜೆಯಲ್ಲಿ ಹೊಸಪೇಟೆ ತುಂಬಿರುತ್ತದೆ. ಕೋಣೆ ಸಿಗದಿದ್ದರೆ ಹಂಪಿ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ತಿಂಗಳು ಹೋಗಿ. ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲು ಸಹಿಸುವಂತಿರುತ್ತದೆ.

2. ಕಮಲಾಪುರದ ವಸ್ತುಸಂಗ್ರಹಾಲಯದಿಂದ ಆರಂಭಿಸಿ. ಅಲ್ಲಿ ಇಡೀ ಹಂಪಿಯ ದೊಡ್ಡ ಮಾದರಿಯಿದೆ. ಹೊಳೆ ಎಲ್ಲಿ, ಗುಡ್ಡ ಎಲ್ಲಿ, ಅರಮನೆಯ ಆವರಣ ಎಲ್ಲಿ ಎಂಬುದು ಅದನ್ನು ನೋಡಿದರೆ ತಲೆಯಲ್ಲಿ ಕೂರುತ್ತದೆ. ಶುಕ್ರವಾರ ರಜೆ ಎಂಬುದನ್ನು ಮರೆಯಬೇಡಿ, ನನ್ನ ಹಾಗೆ.

3. ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ವಿರೂಪಾಕ್ಷ ದೇವಾಲಯ, ಹೇಮಕೂಟ, ಸಾಸಿವೆಕಾಳು ಕಡಲೆಕಾಳು ಗಣಪತಿಗಳು, ಉಗ್ರನರಸಿಂಹ. ಇನ್ನೊಂದು ದಿನ ಬಾಗಿಲು ತೆಗೆಯುವ ಹೊತ್ತಿಗೇ ವಿಟ್ಠಲ ದೇವಾಲಯ, ಆಮೇಲೆ ಮಹಾನವಮಿ ದಿಬ್ಬ, ಹಜಾರರಾಮ, ಕಮಲ ಮಹಲ್, ಆನೆಲಾಯ. ನಡುಮಧ್ಯಾಹ್ನ ಎಲ್ಲಾದರೂ ನೆರಳಲ್ಲಿ ಊಟ ಮಾಡಿ ಮಲಗಿ. ನಾಚಿಕೆಪಡಬೇಕಾಗಿಲ್ಲ.

4. ಮಕ್ಕಳಿದ್ದರೆ ಒಂದೊಂದು ಕಡೆ ಒಂದೊಂದು ಹುಡುಕಾಟ ಕೊಡಿ. ವಿರೂಪಾಕ್ಷ ದೇವಾಲಯದ ಒಳಗೆ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ, ಏಕೆಂದು ಕೇಳಿ. ಸೂಜಿರಂಧ್ರ ಕ್ಯಾಮೆರಾದ ಪಾಠ ಅಲ್ಲಿಯೇ ಮುಗಿಯುತ್ತದೆ. ಮಹಾನವಮಿ ದಿಬ್ಬದ ಬಳಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲ ಪುಷ್ಕರಣಿಯಿದೆ. ಅದರ ಕಲ್ಲುಗಳ ಮೇಲೆ ಜೋಡಿಸುವವರ ಅನುಕೂಲಕ್ಕೆಂದು ಕೆತ್ತಿದ ಗುರುತುಗಳಿವೆ. ಹುಡುಕಲಿ. ಹುಡುಕಿ ಮುಗಿಯುವವರೆಗೆ ಕರೆಯಬೇಡಿ.

5. ಪರವಾನಗಿಯಿರುವ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಳ್ಳಿ. ದರವನ್ನು ಮೊದಲೇ ಮಾತಾಡಿ. ಅವರು ಹೇಳುವುದರಲ್ಲಿ ಒಂದಿಷ್ಟು ಉಪ್ಪು ಖಾರ ಇದ್ದರೂ ಇರಲಿ, ಆ ಊರಿನ ಗಾಳಿ ಕುಡಿದವರ ಮಾತು ಅದು.

6. ಹೊಳೆಗೆ ಇಳಿಯಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುವ ಹೊಳೆ ಅದು. ಸುಳಿಗಳು ಮೇಲಿನಿಂದ ಕಾಣುವುದಿಲ್ಲ. ನಾನು ಬಲ್ಲೆ.

7. ಪಟ್ಟಿಯಲ್ಲಿ ಏನಾದರೂ ಉಳಿದುಹೋದರೆ ಉಳಿಯಲಿ. ಮತ್ತೆ ಹೋಗಲು ಒಂದು ಕಾರಣ ಬೇಕಲ್ಲವೇ?

ಇಷ್ಟಕ್ಕೂ ಪುರುಸೊತ್ತಿಲ್ಲ, ಇಂದೇ ಈಗಲೇ ಹೊರಡಬೇಕು ಎಂದರೆ ಧಾರಾಳವಾಗಿ ಹೊರಡಿ. ಆದರೆ ನಿಮ್ಮೂರಿನ ಹತ್ತಿರಕ್ಕೆ ಹೊರಡಿ. ಹತ್ತು ಕಿಲೋಮೀಟರಿನೊಳಗೆ ನೀವು ನೋಡದ ಕೆರೆ, ಕೋಟೆ, ವೀರಗಲ್ಲು ಇಲ್ಲದ ಊರು ನಮ್ಮ ಕಡೆ ಅಪರೂಪ. ದುರ್ಗದಲ್ಲೇ ಹುಟ್ಟಿ ಚಂದ್ರವಳ್ಳಿಯ ಗುಹೆಯೊಳಗೆ ಕಾಲಿಡದ ವಿದ್ಯಾರ್ಥಿಗಳು ನನಗೆಷ್ಟೋ ಜನ ಗೊತ್ತು. ಅವರೇ ಈಗ ಹೊರದೇಶದ ಕಡಲತೀರದಲ್ಲಿ ನಿಂತ ಚಿತ್ರ ಕಳಿಸುತ್ತಾರೆ! ಕಳಿಸಿ, ಸಂತೋಷವೇ. ಮುಂದಿನ ಸಲ ಊರಿಗೆ ಬಂದಾಗ ಇದನ್ನೂ ನೋಡಿ.

ಅಕ್ಕನ ಮಗ ನನ್ನ ಮಾತನ್ನು ಪೂರ್ತಿ ಒಪ್ಪಿದನೆಂದು ಹೇಳಲಾರೆ. “ನಿಮ್ಮ ಹಾಗೆ ನೋಡುತ್ತ ಕೂತರೆ ಜೀವಮಾನದಲ್ಲಿ ನಾಲ್ಕೇ ಊರು ನೋಡಬಹುದು ಚಿಕ್ಕಮ್ಮಾ” ಎಂದು ನಕ್ಕ. ನಾಲ್ಕೇ ಆಗಲಿ ಎಂದೆ. ಭಾನುವಾರ ಅವರು ಬೆಂಗಳೂರಿಗೆ ಹೊರಡುವಾಗ ಮಗು ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, “ಅಜ್ಜೀ, ಸೀತೆ ಯಾವ ಗೋಡೆ ಮೇಲೆ ಸಿಗ್ತಾಳೆ?” ಎಂದು ಕೇಳಿತು. ನಾನು ಹೇಳಲಿಲ್ಲ. ಡಿಸೆಂಬರ್ ರಜೆಯಲ್ಲಿ ನಾವಿಬ್ಬರೇ ಬಸ್ಸಿನಲ್ಲಿ ಹೋಗಿ ಹುಡುಕುವುದೆಂದು ಮಾತಾಯಿತು. ಕೋಣೆ ಈಗಾಗಲೇ ಗೊತ್ತುಮಾಡಿದ್ದೇನೆ. ಆ ಹರಿಗೋಲಿನವನು ಬದುಕಿದ್ದರೆ ಈಗ ಮುದುಕನಾಗಿರಬೇಕು. ಹೊಳೆಯ ಬದಿಯಲ್ಲಿ ವಿಚಾರಿಸಬೇಕೆಂದಿದ್ದೇನೆ.

ತಪ್ಪಿದ್ದರೆ ತಿದ್ದಿ. ನಿಮ್ಮ ಪ್ರವಾಸದ ಪ್ರಸಂಗಗಳಿದ್ದರೆ, ಅದರಲ್ಲೂ ಯಾರಿಗೂ ಹೇಳದೆ ಬಚ್ಚಿಟ್ಟವಿದ್ದರೆ, ನನಗೆ ಬರೆಯಿರಿ. ಈ ವಯಸ್ಸಿನಲ್ಲಿ ಬೆತ್ತ ಎತ್ತುವುದಿಲ್ಲ.

ಇಂತು,
ನಿಮ್ಮ ಸಮಾಜ ಪಾಠದ ಟೀಚರ್